ಫ್ಯೂಯಲ್ ಪಂಪ್ ರಿಲೇಗೆ ಕಳ್ಳಬಟನ್: ನನ್ನ ಅನುಭವ

ಸರಿಯಾದ ಕೀ ಇಲ್ಲದೆ ಇಂಜಿನ್ ಶುರುವಾಗದಂತೆ ತಡೆಯೋ ಇಮ್ಮೊಬಿಲೈಸರ್ ಇರೋ ಕಾರಿಗೆ ಕಿಲ್ ಸ್ವಿಚ್ (ಇಂಜಿನ್ ಓಡದಂತೆ ಮಾಡೋ ಗುಟ್ಟಿನ ಸ್ವಿಚ್) ಯಾಕೆ, ಅದೆಲ್ಲ ಹಳೇ ಕಾಲದ ಕಸರತ್ತು ಅಂತ ನಕ್ಕವರೇ ಹೆಚ್ಚು. ಆದರೆ ಈಗಿನ ಕಳ್ಳರು ಮೋಸ ಮಾಡೋದು ಕಾರಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ. ಕೀಲೆಸ್ ಕೀಯ ಸಿಗ್ನಲ್ ಹಿಡಿದು ಕಾರಿಗೆ ದಾಟಿಸ್ತಾರೆ, ದೋಷ ಪರೀಕ್ಷೆಗೆ ಅಂತ ಇರೋ ಒಬಿಡಿ ಪೋರ್ಟಿಂದ ಹೊಸ ಕೀ ಪ್ರೋಗ್ರಾಂ ಮಾಡ್ತಾರೆ, ಹೆಡ್‌ಲೈಟ್ ಹಿಂದಿನ ವೈರಿನ ಮೂಲಕ ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳೋ ಕ್ಯಾನ್ ಬಸ್‌ಗೆ ಸುಳ್ಳು ಸಂದೇಶ ತುರುಕ್ತಾರೆ. ಇಸಿಯು ಒಪ್ಪಿಕೊಂಡರೂ ಫ್ಯೂಯಲ್ ಪಂಪಿಗೆ ಕರೆಂಟ್ ಹೋಗದಿದ್ದರೆ ಏನು ಮಾಡ್ತಾರೆ?

ಮೊದಲು ಮಾಡಿದ್ದು ಎಲ್ಲರೂ ಮಾಡೋ ಹಾಗೆ, ಪಂಪ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) 87ನೇ ಪಿನ್ನಿಂದ ಹೊರಡೋ ಪಂಪ್ ಲೈನಿಗೇ ಸ್ವಿಚ್. ಪಂಪ್ ಸುಮಾರು 5ರಿಂದ 8 ಆಂಪ್ಸ್ ಎಳೆಯುತ್ತೆ. ಸ್ವಿಚ್ ಬಿಸಿಯಾಗುತ್ತೆ, ವೋಲ್ಟೇಜ್ ಬೀಳುತ್ತೆ, ಏರಿನಲ್ಲಿ ಇಂಜಿನ್ ಮುಗ್ಗರಿಸುತ್ತೆ. ದಪ್ಪ ವೈರು, ದೊಡ್ಡ ಸ್ವಿಚ್ಚಿಗೆ ಹಾಕಿದ ದುಡ್ಡೆಲ್ಲ ದಂಡ. ರಿಲೇಯನ್ನು ಎಳೆಯೋ ಕಾಯಿಲ್ (85, 86 ಪಿನ್) ಕಡೆ ಹೋದರೆ ಕೆಲಸ ಹಗುರ: 0.2 ಆಂಪ್ಸ್ ಆಸುಪಾಸು, 0.5 ಚದರ ಮಿ.ಮೀ. ವೈರು ಧಾರಾಳ.

ಆದರೂ ಬರೀ ಆನ್-ಆಫ್ ಸ್ವಿಚ್ ನನಗೆ ಒಗ್ಗಲಿಲ್ಲ. ಇಳಿಯುವಾಗ ಆಫ್ ಮಾಡೋದು ಮರೆತುಹೋಗುತ್ತೆ. ಅದಕ್ಕಿಂತ ಕೆಟ್ಟದ್ದು, ಓಡುವಾಗ ಮೊಣಕಾಲು ತಗುಲಿದರೆ ಇಂಜಿನ್ ಸತ್ತು ಸ್ಟೀರಿಂಗ್ ಕಲ್ಲಾಗುತ್ತೆ.

ಕೊನೆಗೆ ಕೈಹಿಡಿದದ್ದು ಸೆಲ್ಫ್ ಹೋಲ್ಡ್. ಪಂಪ್ ರಿಲೇಯ ಕಾಯಿಲಿಗೆ ಬರೋ ಪ್ಲಸ್ ಯಾವ ಪಿನ್ನಿನಲ್ಲಿದೆ ಅಂತ ಇಗ್ನಿಷನ್ ಆನ್ ಮಾಡಿ ಮೀಟರಿನಲ್ಲಿ ನೋಡಿ. 85, 86 ಅಂತ ಬರೆದದ್ದನ್ನು ನಂಬಬೇಡಿ. ಆ ಪ್ಲಸ್ಸನ್ನು ಬಿಡಿಸಿ ಹೊಸ ನಾಲ್ಕು ಪಿನ್ ರಿಲೇಯ 30ಕ್ಕೆ (ಕರೆಂಟ್ ಒಳಬರೋ ಪಿನ್) ಕೊಡಿ, ನಡುವೆ 2 ಆಂಪ್ಸ್ ಫ್ಯೂಸ್ ಇರಲಿ. 87ರಿಂದ ಎರಡು ವೈರು: ಒಂದು ಹಳೇ ಕಾಯಿಲಿಗೆ ವಾಪಸ್, ಇನ್ನೊಂದು ಹೊಸ ರಿಲೇಯದೇ 86ಕ್ಕೆ. 85 ಅರ್ಥ್. ಒತ್ತಿ ಬಿಡೋ ಬಟನ್ 30 ಮತ್ತು 87ರ ನಡುವೆ. ಒಮ್ಮೆ ಒತ್ತಿದರೆ ರಿಲೇ ತನ್ನನ್ನು ತಾನೇ ಹಿಡಿದುಕೊಳ್ಳುತ್ತೆ, ಇಗ್ನಿಷನ್ ಆಫ್ ಆದಾಗ ಬಿಡುತ್ತೆ. ಓಡುವಾಗ ಬಟನ್ ಎಷ್ಟು ಒತ್ತಿದರೂ ಏನೂ ಆಗಲ್ಲ.

ತೊಡಕು ಇಲ್ಲದೇ ಇಲ್ಲ. ಕೀ ಆನ್ ಮಾಡಿ ತಡವಾಗಿ ಒತ್ತಿದರೆ ಕೆಲವು ಇಸಿಯು ಪಿ0230 ಅಥವಾ ಪಿ0627 ಅನ್ನೋ ಪಂಪ್ ಸರ್ಕ್ಯೂಟಿನ ದೋಷದ ಕೋಡ್ ಎತ್ತಿ ಚೆಕ್ ಇಂಜಿನ್ ಲೈಟ್ ಹಚ್ಚುತ್ತವೆ. ತಕ್ಷಣ ಒತ್ತೋದು ರೂಢಿಯಾಗಬೇಕು. ಪ್ಲಸ್ ಇಸಿಯುಗೆ ಕರೆಂಟ್ ಕೊಡೋ ಮೇನ್ ರಿಲೇಯಿಂದ ಬರ್ತಿದ್ದರೆ ಆಫ್ ಮಾಡಿದ ಮೇಲೂ ಕೆಲವು ಸೆಕೆಂಡ್ ಹಿಡಿದಿರುತ್ತೆ. ಇಸಿಯುವೇ ಪ್ಲಸ್ ಕೊಡೋ ಕಾರುಗಳಿಗೆ, ಪಂಪಿಗೆ ಪ್ರತ್ಯೇಕ ಮಾಡ್ಯೂಲ್ ಇರೋ ಹೊಸ ಕಾರುಗಳಿಗೆ ಇದು ಹೊಂದಲ್ಲ. ಇನ್ನೊಂದು ವಿಷಯ: ಇಂಧನದ ಲೈನಿನಲ್ಲಿ ಉಳಿದ ಒತ್ತಡಕ್ಕೆ ಇಂಜಿನ್ ಕೆಲವು ಸೆಕೆಂಡ್ ಓಡಿ ಆಮೇಲೆ ನಿಲ್ಲಬಹುದು. ನನಗದು ಲಾಭವೇ, ಕಳ್ಳ ಗಾಡಿ ಕೆಟ್ಟಿದೆ ಅಂದ್ಕೊಳ್ತಾನೆ.

ಬೆಸುಗೆ ಬೇಡ, ಅಲುಗಾಟಕ್ಕೆ ಬಿರಿಯುತ್ತೆ, ಟರ್ಮಿನಲ್ಲಿನಲ್ಲಿ ಒತ್ತಿ ಕ್ರಿಂಪ್ ಮಾಡಿ. ಹೊಳೆಯೋ ಕೆಂಪು ವೈರು ಟಾರ್ಚಿಗೆ ಮೊದಲು ಕಾಣೋದು. ಕಂಪನಿ ವೈರಿನ ಕಟ್ಟಿನ ಬಣ್ಣದ್ದೇ ಹಾಕಿ, ಬಟ್ಟೆ ಟೇಪ್ ಸುತ್ತಿ. ಬಟನ್ ಸೀಟ್ ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗಬೇಕು, ಡ್ಯಾಶ್ ಕೆಳಗೆ ಮಾತ್ರ ಬೇಡ. ನನ್ನದು ಎಲ್ಲಿದೆ ಅಂತ ಹೇಳಲ್ಲ. ನಕ್ಕವರ ಕೈಗೇ ಕೀ ಕೊಟ್ಟು ಕೂರಿಸಿದ್ದೆ, ಯಾರಿಗೂ ಸಿಗಲಿಲ್ಲ. ಒಟ್ಟು ಖರ್ಚು ಕಾಲು ಟ್ಯಾಂಕ್ ಪೆಟ್ರೋಲಿಗಿಂತ ಕಮ್ಮಿ.

ಡ್ರೈವರನ್ನು ಎಳೆದು ಹಾಕಿ ಓಡುವ ಗಾಡಿಯನ್ನೇ ಕಸಿಯೋರಿಗೆ ಇದು ಅಡ್ಡಿಯಲ್ಲ. ಅದಕ್ಕಾಗಿ ಡೋರ್ ಸ್ವಿಚ್ಚಿಗೆ ಟೈಮರ್ ಸೇರಿಸಿ ನೋಡಿದೆ: ಇಂಜಿನ್ ಓಡುವಾಗ ಬಾಗಿಲು ತೆರೆದರೆ ಒಂದು ನಿಮಿಷದಲ್ಲಿ ಬಟನ್ ಮತ್ತೆ ಒತ್ತಬೇಕು, ಇಲ್ಲದಿದ್ದರೆ ಇಂಜಿನ್ ನಿಲ್ಲುತ್ತೆ. ಗೇಟ್ ತೆರೆಯಲು ಇಳಿದು ಹತ್ತಿದವರೂ ಮರೆತರೆ ನಡುರಸ್ತೆಯಲ್ಲಿ ನಿಲ್ತಾರೆ, ಡೋರ್ ಸ್ವಿಚ್ ಕೊಳೆಯಾದರೆ ತಾನಾಗೇ ಟೈಮರ್ ಶುರು. ಕಿತ್ತು ಹಾಕಿದೆ. ಅಂಥ ಹೊತ್ತಲ್ಲಿ ಕೀ ಕೊಟ್ಟು ದೂರ ಸರಿಯಬೇಕು. ಅದಕ್ಕೂ ಮೊದಲು, ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ಹಿಂಚಕ್ರ ರಸ್ತೆ ಮುಟ್ಟೋದು ಕಾಣುವಷ್ಟು ಜಾಗ ಬಿಟ್ಟು ನಿಲ್ಲಿಸಿ, ರಿವರ್ಸ್ ತಗೊಳ್ಳದೆ ಪಕ್ಕಕ್ಕೆ ತಿರುಗಿಸಿ ಹೊರಡಬಹುದು.

ಸರ್ವಿಸಿಗೆ ಬಿಡುವಾಗ ಹೊಸ ರಿಲೇ ಕಿತ್ತು ಸಾಕೆಟ್ಟಿನ 30 ಮತ್ತು 87ಕ್ಕೆ ಒಂದು ಜಂಪರ್ ಹಾಕಿಬಿಡಿ, ಗಾಡಿ ಮೊದಲಿನ ಹಾಗೇ ಓಡುತ್ತೆ.