ಇಲಿ ಕಾಲು ಕಡಿಯಿತು

"ಬೆಕ್ಕು ಬಂತು, ಹಾಲು ಕುಡಿಯಿತು. ಇಲಿ ಬಂತು, ಕಾಲು ಕಡಿಯಿತು."

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದ ಪದ್ಯ ಇದು. ಓದಿ ಗಾಬರಿಯಾಯಿತು. "ಯಾರ ಕಾಲು ಕಡೀತೇ?" ಅಂತ ಕೇಳಿದೆ. "ಯಾರದ್ದೂ ಇಲ್ಲ ಟೀಚರ್. ಮೇಲೆ ಕುಡಿಯಿತು ಅಂತ ಬಂದ್ಬಿಟ್ಟಿತ್ತಲ್ಲ, ಅದಕ್ಕೆ."

ನಾನು ಬಯಲುಸೀಮೆಯವಳು. ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಗೆ ವರ್ಗವಾಗಿ ಬಂದು ಆರು ವರ್ಷವಾಯಿತು. ನಾಲ್ಕು, ಐದನೇ ಕ್ಲಾಸು ಸೇರಿ 17 ಮಕ್ಕಳು, ಒಂದೇ ಕೋಣೆ. ಮೊದಲ ವರ್ಷ ಬೋರ್ಡಿನ ಮೇಲೆ 'ಪರಿಸರ' ಅಂತ ಬರೆದು, ಕವನ ಬರೀರಿ ಅಂದಿದ್ದೆ. 17 ಹಾಳೆಯಲ್ಲೂ ಮರ ನಮ್ಮ ಮಿತ್ರ, ಕಾಡು ನಮ್ಮ ಉಸಿರು. ಕಿಟಕಿಯ ಆಚೆಗೇ ಕಾಡಿತ್ತು. ಒಬ್ಬರೂ ಆ ಕಡೆ ತಿರುಗಿ ನೋಡಿರಲಿಲ್ಲ. ತಪ್ಪು ಅವರದ್ದಲ್ಲ, ನಾನು ಕೊಟ್ಟ ವಿಷಯದ್ದು.

ಎರಡನೇ ವರ್ಷ ವಿಷಯ ಬಿಟ್ಟು ಪ್ರಾಸ ಹಿಡಿದೆ. ಅದರ ಫಲವೇ ಈ ಇಲಿ. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು: ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಲಿನ ಕೊನೆಗೇ ಬಂದು ಕೂರುತ್ತೆ. ಬರುತ್ತದೆ, ತರುತ್ತದೆ, ಇರುತ್ತದೆ. ಅಂತ್ಯಪ್ರಾಸ ಪುಕ್ಕಟೆ ಸಿಗುತ್ತೆ. ಪುಕ್ಕಟೆ ಸಿಕ್ಕಿದ್ದಕ್ಕೆ ಮಕ್ಕಳು ಸುಮ್ನೆ ಸುಳ್ಳು ಹೇಳುತ್ತಾರೆ.

ಒಂದು ತಿಂಗಳು ಅಂತ್ಯಪ್ರಾಸ ಬಂದ್ ಮಾಡಿದೆ. ದಾರಿಯಲ್ಲಿ ಕಂಡದ್ದೊಂದನ್ನು ತನ್ನಿ, ಅದರ ಬಗ್ಗೆ ಎರಡು ಸಾಲು ಬಾಯಲ್ಲಿ ಹೇಳಿ, ಸಾಕು ಅಂದೆ. 'ಸುಂದರ', 'ಚೆನ್ನಾಗಿದೆ' ಹೇಳುವ ಹಾಗಿಲ್ಲ. ಅಡಿಕೆ ಹಾಳೆ ಬಂತು, ಏಡಿಯ ಚಿಪ್ಪು ಬಂತು. ಒಬ್ಬಳು ಏನೂ ತಂದಿರಲಿಲ್ಲ. ಆದರೆ ಅವಳ ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿತ್ತು! ಉಪ್ಪು ಹಾಕಿ ಬಿಡಿಸಿದೆವು. ರಕ್ತ ಮಾತ್ರ ನಿಲ್ಲಲೊಲ್ಲದು. ಅದನ್ನು ಒರೆಸುತ್ತಾ ಅವಳು ಹೇಳಿದ್ದನ್ನು ನಾನೇ ಬೋರ್ಡಿನ ಮೇಲೆ ಬರೆದೆ:

ಉಂಬಳ ಕಚ್ಚಿದ್ದು ಗೊತ್ತಾಗಲ್ಲ
ಬಿಟ್ಟಮೇಲೆ ಗೊತ್ತಾಗತ್ತೆ

"ಇದು ಪದ್ಯಾನಾ ಟೀಚರ್? ಇದು ನಿಜ ಅಲ್ವಾ?" ಅಂತ ಹಿಂದಿನಿಂದ ಯಾರೋ ಕೇಳಿದರು.

ಮನೆ ಮಾತಲ್ಲಿ ಬರೀಬಹುದಾ ಅನ್ನುವ ಪ್ರಶ್ನೆಯೂ ಬಂತು. ಕುಪ್ಪಳಿಯ ಕವಿಶೈಲಕ್ಕೆ ಎಲ್ಲರೂ ಪ್ರವಾಸ ಹೋಗಿ ಬಂದವರೇ. ಅದಕ್ಕೆ ಕುವೆಂಪು ಕಥೆ ಹೇಳಿದೆ. ಅವರೂ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಬಂದ ಮೊದಲ ಪುಸ್ತಕವೂ ಇಂಗ್ಲಿಷಿನದೇ. ಜೇಮ್ಸ್ ಕಸಿನ್ಸ್ ಅನ್ನುವ ಐರಿಷ್ ಕವಿ ಅದನ್ನೆಲ್ಲ ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರಂತೆ. ಅವತ್ತಿಂದ ನಮ್ಮ ಪದ್ಯಗಳಲ್ಲಿ 'ಬಂತ್', 'ಹೋತ್' ಎಲ್ಲ ಶುರುವಾಯಿತು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ.

ಲಯಕ್ಕೆ ಚಪ್ಪಾಳೆ. ಲಘು, ಗುರು ಅಂತ ಹೆಸರು ಹೇಳಲಿಲ್ಲ, ಅದು ಹೈಸ್ಕೂಲಿಗಿರಲಿ. ಗಿಡ್ಡ ಅಕ್ಷರಕ್ಕೆ ಒಂದು ತಟ್ಟು, ಉದ್ದಕ್ಕೆ ಎರಡು. 'ಹಾಳೆಯ ಟೋಪಿ ಹಾಕಿದ ತಾತ' ಅಂತ ಒಂದು ಸಾಲು ಕಟ್ಟಿಕೊಟ್ಟೆ. 'ಹಾಳೆಯ'ಕ್ಕೆ ನಾಲ್ಕು. 'ಟೋಪಿ'ಗೆ ಮೂರೇ. ನಾಲ್ಕನೆಯದು? ಕೈ ಎತ್ತಿ ಸುಮ್ಮನಿರುವುದು. ಆ ಸುಮ್ಮನಿರುವ ತಟ್ಟು ಅಂದರೆ ಅವರಿಗೆ ಎಲ್ಲಿಲ್ಲದ ಖುಷಿ. ಪಾಠ ಮುಗಿದ ಮೇಲೂ ಕೈ ಎತ್ತಿಕೊಂಡೇ ಓಡಾಡುತ್ತಿದ್ದರು.

ಪ್ರಾಸವನ್ನು ಆಮೇಲೆ ಬೇರೆ ಬಾಗಿಲಿಂದ ಒಳಗೆ ಕರೆದೆ. ಹಳೆಗನ್ನಡದ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಕೊನೆಗಲ್ಲ, ಎರಡನೇ ಅಕ್ಷರಕ್ಕೆ. ಅದನ್ನೇ ಆಟ ಮಾಡಿದೆ. ಎರಡನೇ ಅಕ್ಷರ 'ಳೆ' ಇರುವ ಮಾತು ಹೇಳಿ! ಮಳೆ, ಹೊಳೆ, ಬೆಳೆ, ಕಳೆ, ಬಾಳೆ, ಕೊಳೆ. ಐದನೇ ಕ್ಲಾಸಿನ ಒಬ್ಬ ಹುಡುಗ, ಮಾತು ಕಮ್ಮಿ, ಇದನ್ನು ತಂದು ಕೊಟ್ಟ:

ಮಳೆ ಬಂತ್ ಮಳೆ
ಹೊಳೆ ಸಂಕ ಮುಟ್ತು
ಕೊಳೆ ಬಂತ್ ತೋಟಕ್ಕೆ
ಅಪ್ಪ ಊಟಕ್ಕೆ ಕೂತು ಎದ್ದ

ಸಂಕ ಅಂದರೆ ಹೊಳೆ ದಾಟುವ ಕಾಲುಸೇತುವೆ. ಕೊಳೆ ಅಂದರೆ ಗಲೀಜು ಅಂದುಕೊಂಡೆ ನಾನು. ತೋಟಕ್ಕೆ ಗಲೀಜು ಬಂದರೆ ಅಪ್ಪ ಯಾಕೆ ಊಟ ಬಿಡಬೇಕು? ಇಡೀ ಕ್ಲಾಸು ನನ್ನನ್ನು ನೋಡಿ ನಕ್ಕಿತು. ಅಡಿಕೆಗೆ ಬರುವ ಕೊಳೆರೋಗ ಅದು. ಮಳೆ ಬಿಡದೆ ಹೊಡೆದರೆ, ಮೈಲುತುತ್ತ ಸುಣ್ಣದ ಔಷಧಿ ಸಮಯಕ್ಕೆ ಹೊಡೆಯಲು ಆಗದಿದ್ದರೆ, ಎಳೆ ಅಡಿಕೆ ಕೊಳೆತು ಉದುರುತ್ತೆ. ವರ್ಷದ ಗಂಜಿ ಬುಡದಲ್ಲಿ ಬಿದ್ದಿರುತ್ತೆ. 17 ಮಕ್ಕಳೂ ಸೇರಿ ನನಗೆ ಪಾಠ ಮಾಡಿದರು.

ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ! ಕೊನೆ ಸಾಲಲ್ಲಿ ಪ್ರಾಸ ತಪ್ಪಿದೆ, 'ಬೆಳೆ ಹೋಯ್ತು' ಅಂತ ಬರಿ, ಸರಿಯಾಗುತ್ತೆ ಅಂದೆ. ಅವನು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದ. "ಅಷ್ಟೆಲ್ಲ ಹೋಗಿಲ್ಲ ಟೀಚರ್."

ಸಾಲು ಹಾಗೇ ಉಳಿಯಿತು.

ಎಲ್ಲರೂ ಬರೆಯುತ್ತಾರೆ ಅಂತ ಹೇಳಲಾರೆ. ಇಬ್ಬರು ಇವತ್ತಿಗೂ ಬಾಯಲ್ಲೇ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಒಬ್ಬನಿಗೆ ಚಪ್ಪಾಳೆ ಬಿಟ್ಟರೆ ಬೇರೇನೂ ಬೇಡ. ಮಾರ್ಕ್ಸ್ ಅಂತೂ ಯಾರಿಗೂ ಕೊಡುವುದಿಲ್ಲ.

ಪದ್ಯಗಳನ್ನು ತೂಗುಹಾಕುವುದೇ ದೊಡ್ಡ ಫಜೀತಿ. ಜುಲೈನಲ್ಲಿ ಇಲ್ಲಿ ಗೋಡೆಯೇ ಒಣಗುವುದಿಲ್ಲ, ಅಂಟಿಸಿದ ಹಾಳೆ ಬೆಳಗ್ಗೆ ನೆಲದ ಮೇಲಿರುತ್ತೆ. ಶಾಲೆಯಲ್ಲಿ ಬೆಚ್ಚಗಿರುವುದು ಬಿಸಿಯೂಟದ ಅಡುಗೆಮನೆ ಒಂದೇ. ಅಲ್ಲೇ ದಾರ ಕಟ್ಟಿ ನೇತುಹಾಕಿದ್ದೇವೆ. ಅಡುಗೆ ಮಾಡುವ ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಾ ಒಂದೊಂದೇ ಓದುತ್ತಾರೆ. ಕೊಳೆಯ ಪದ್ಯ ಹಾಕಿದ ದಿನ ಆ ಹುಡುಗನ ತಟ್ಟೆಗೆ ಅನ್ನ ಬಡಿಸುತ್ತಾ ಕೇಳಿದರು: "ಈಗ ಉಣ್ತಾರೇನಾ ನಿಮ್ಮಪ್ಪ?"

"ಹೂಂ," ಅಂದ. "ಸ್ವಲ್ಪ."