ಸೂರ್ಯ ನಮಸ್ಕಾರದ ಮಾರನೇ ದಿನ ಮೈಕೈ ನೋವೇ? ಹೀಗೆ ಮಾಡಿ

ರಥಸಪ್ತಮಿಯ ಮಾರನೇ ದಿನ ನನ್ನ ಫೋನಿಗೆ ಬರುವ ಮೆಸೇಜುಗಳು ಪ್ರತಿ ವರ್ಷ ಹೆಚ್ಚುಕಮ್ಮಿ ಒಂದೇ. "ಮೇಡಂ, ಕೈ ಎತ್ತಿ ತಲೆ ಬಾಚೋಕೂ ಆಗ್ತಿಲ್ಲ." "ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋತಿದೀನಿ." ಮೈಸೂರಿನಲ್ಲಿ ಆ ದಿನ ಬೆಳಗಿನ ಜಾವ 108 ಸೂರ್ಯ ನಮಸ್ಕಾರ ಹಾಕುವವರು ಬಹಳ ಮಂದಿ. ವರ್ಷವಿಡೀ ಮ್ಯಾಟ್ ಬಿಚ್ಚದವರೂ ಅವತ್ತು ನಮ್ಮ ಬ್ಯಾಚಿಗೆ ಬಂದು ಸೇರಿಕೊಳ್ಳುತ್ತಾರೆ, ಜಿಮ್ಮಿಗೆ ಹೋಗುವ ಹುಡುಗರೂ ಬರುತ್ತಾರೆ. ಮಾರನೇ ದಿನ ಎಲ್ಲರದೂ ಅದೇ ಪ್ರಶ್ನೆ: "ಇದು ಬರೀ ಯೋಗ ಅಲ್ವಾ, ಇಷ್ಟ್ಯಾಕೆ ನೋಯತ್ತೆ?"

ಆ "ಬರೀ" ಅನ್ನುವುದನ್ನು ಮೊದಲು ಬಿಟ್ಟುಬಿಡಿ. ಒಂದೊಂದು ನಮಸ್ಕಾರದಲ್ಲೂ ಒಮ್ಮೆ ಮೈಭಾರವನ್ನೆಲ್ಲ ಅಂಗೈ ಮತ್ತು ಕಾಲ್ಬೆರಳ ಮೇಲೆ ಹೊತ್ತು ನೆಲಕ್ಕೆ ಇಳಿಸುತ್ತೀರಿ. ಅದನ್ನು 108 ಸಲ ಮಾಡಿ ನೋಡಿದವರಿಗೇ ಗೊತ್ತು. 1930ರ ದಶಕದಲ್ಲಿ ಇಲ್ಲಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ್ದೂ, ಆಮೇಲೆ ಲಕ್ಷ್ಮೀಪುರಂನಲ್ಲಿ ಅವರ ಶಿಷ್ಯ ಪಟ್ಟಾಭಿ ಜೋಯಿಸರು ಬೆಳೆಸಿದ್ದೂ ಬೆವರಿಳಿಸುವ ಅಭ್ಯಾಸವನ್ನೇ. ಜೋಯಿಸರ ಕ್ರಮದಲ್ಲಿ ಶನಿವಾರ ರಜೆ, ಅಮಾವಾಸ್ಯೆ ಹುಣ್ಣಿಮೆಗೂ ರಜೆ, ವಾರಕ್ಕೊಂದು ಎಣ್ಣೆಸ್ನಾನ ಬೇರೆ. ವಿಶ್ರಾಂತಿಯನ್ನೂ ಸೇರಿಸಿಯೇ ಕಟ್ಟಿದ ಕ್ರಮ ಅದು.

ನೋವು ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ನಿಜ. ಆದರೆ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಮೆಟ್ಟಿಲು ಇಳಿದದ್ದಕ್ಕೆ. ಮೆಟ್ಟಿಲು ಇಳಿಯುವಾಗಲೂ, ನಮಸ್ಕಾರದಲ್ಲಿ ಮೈ ಇಳಿಸುವಾಗಲೂ ಹೀಗೆ ಭಾರ ಹೊತ್ತುಕೊಂಡೇ ಸ್ನಾಯು ಉದ್ದವಾಗುತ್ತಾ ಹೋದಾಗ ಅದರ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತದೆ. ಅದನ್ನು ದೇಹ ಸರಿಮಾಡಿಕೊಳ್ಳುವಾಗ ಬರುವ ನೋವು ಇದು. ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡನೇ ಮೂರನೇ ದಿನ ಜೋರಾಗಿ, ವಾರದೊಳಗೆ ಹೋಗುತ್ತದೆ. "ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ" ಅಂತ ಈಗಲೂ ಹೇಳುವವರಿದ್ದಾರೆ. ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ, ಮಾರನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಆ ಎರಡು ಮೂರು ದಿನ ಏನು ಮಾಡಬೇಕು? ಮಲಗಿಬಿಡಬೇಡಿ. ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ನಡೆಯಿರಿ. ಮಂಡಿ, ಅಂಗೈ ಊರಿ ಮಾರ್ಜಾಲಾಸನದಲ್ಲಿ ಬೆನ್ನನ್ನು ಮೇಲೆ ಕೆಳಗೆ ಆಡಿಸಿ. ಹಿಂದಿನ ದಿನದ ಅಭ್ಯಾಸದ ಕಾಲು ಭಾಗಕ್ಕಿಂತ ಹೆಚ್ಚು ಮಾಡಬೇಡಿ. ಬಿಸಿನೀರು ಹಾಯಾಗಿರುತ್ತದೆ, ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿ ಹಗುರವಾಗಿ ತಿಕ್ಕಿಕೊಂಡರೆ ಇನ್ನೂ ಹಿತ. ನೋಯುವ ಜಾಗವನ್ನೇ ಜಗ್ಗಿ ಜಗ್ಗಿ ಎಳೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸ್ಟ್ರೆಚಿಂಗ್‌ನಿಂದ ಈ ನೋವು ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ, ಜೋರಾಗಿ ಎಳೆದರೆ ಹೆಚ್ಚಾಗಬಹುದು. ಊಟದಲ್ಲಿ ಹೆಸರುಕಾಳಿನ ಉಸಲಿ, ಮೊಸರು, ತಿನ್ನುವವರಿಗೆ ಮೊಟ್ಟೆ ಇರಲಿ. ರಾತ್ರಿ ಬೇಗ ಮಲಗಿ. ನೋವಿನ ಮಾತ್ರೆ ನುಂಗುತ್ತಾ ಅಭ್ಯಾಸ ಮುಂದುವರಿಸುವುದು ಬೇಡವೇ ಬೇಡ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಆ ಮಾತ್ರೆ ಮುಟ್ಟಲೇಬಾರದು.

ನೋವು ಇಳಿದ ಮೇಲೆ ಬಹಳ ಜನ ಮತ್ತೆ ಬರುವುದೇ ಇಲ್ಲ. ನನಗೆ ಬೇಜಾರಾಗುವುದು ಅಲ್ಲೇ. ಅದೇ ಅಭ್ಯಾಸವನ್ನು ಅದೇ ವಾರವೋ ಮುಂದಿನ ವಾರವೋ ಮತ್ತೆ ಮಾಡಿದರೆ ನೋವು ಮೊದಲಿನಷ್ಟು ಇರುವುದಿಲ್ಲ, ಯಾಕೆಂದರೆ ಸ್ನಾಯು ಅಷ್ಟರಲ್ಲಿ ಹೊಂದಿಕೊಂಡಿರುತ್ತದೆ. ವರ್ಷಕ್ಕೊಂದೇ ಸಲ, ಜೂನ್ 21ರ ಯೋಗ ದಿನಕ್ಕೋ ರಥಸಪ್ತಮಿಗೋ ಮಾಡುವವರಿಗೆ ಈ ಲಾಭ ಸಿಗುವುದೇ ಇಲ್ಲ, ಪ್ರತಿ ಸಲವೂ ಹೊಸ ನೋವು. 108 ಹಾಕುವ ಆಸೆ ಇದ್ದರೆ ಧನುರ್ಮಾಸದ ಶುರುವಿನಲ್ಲೇ ದಿನಕ್ಕೆ ಹನ್ನೆರಡರಿಂದ ಆರಂಭಿಸಿ, ವಾರದಿಂದ ವಾರಕ್ಕೆ ಏರಿಸುತ್ತಾ ಬನ್ನಿ.

ಇನ್ನು, ಎಲ್ಲ ನೋವೂ ಈ ನೋವಲ್ಲ. ಎರಡೂ ತೋಳು, ಎರಡೂ ತೊಡೆ ಹೆಚ್ಚುಕಮ್ಮಿ ಒಂದೇ ಸಮ ನೋಯುತ್ತಾ, ಮುಟ್ಟಿದರೆ, ಅಲ್ಲಾಡಿಸಿದರೆ ಮಾತ್ರ ಜಾಸ್ತಿಯಾಗುತ್ತಿದ್ದರೆ ಕಾಯಬಹುದು. ಆಸನದಲ್ಲಿ ಇರುವಾಗಲೇ ಒಂದು ಕಡೆ ಚುಳಕ್ಕೆಂದರೆ, ಭುಜ ಮಂಡಿಯಂಥ ಕೀಲಿನೊಳಗೇ ನೋವಿದ್ದರೆ, ಕೈಕಾಲು ಜುಮ್ಮೆಂದರೆ, ಮರಗಟ್ಟಿದರೆ, ವಾರ ಕಳೆದರೂ ಬಿಡದಿದ್ದರೆ ತೋರಿಸಿ. ಕೂತಾಗ ನೆಲಕ್ಕೆ ಒತ್ತುವ ಪೃಷ್ಠದ ಎಲುಬಿನ ಹತ್ತಿರ ಚುಚ್ಚುತ್ತಿದ್ದರೆ, ತೊಡೆಯ ಹಿಂಭಾಗದ ಸ್ನಾಯು ಎಲುಬಿಗೆ ಅಂಟಿಕೊಳ್ಳುವ ಜಾಗಕ್ಕೆ ಪೆಟ್ಟಾಗಿರಬಹುದು. ಪಾದಹಸ್ತಾಸನ, ಪಶ್ಚಿಮೋತ್ತಾನಾಸನಗಳಲ್ಲಿ ಹಟ ಮಾಡಿ ಬಗ್ಗುವವರಿಗೆ ಇದು ಬರುತ್ತದೆ. ಅಂಥವರು ಮಂಡಿ ಮಡಚಿಕೊಂಡೇ ಬಗ್ಗಬೇಕು, ಕೈ ನೆಲ ಮುಟ್ಟದಿದ್ದರೆ ಏನೂ ನಷ್ಟವಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ, ವಿಪರೀತ ಸುಸ್ತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗುವ ಲಕ್ಷಣ ಅದು.

ಮುಂದಿನ ಸಲ ನೋವು ಕಡಿಮೆ ಇರಬೇಕೆಂದರೆ ತಿದ್ದಬೇಕಾದ ಮುಖ್ಯ ಜಾಗ ಆ ಇಳಿಯುವ ಕ್ಷಣವೇ. ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಮೊಣಕೈ ಮಡಚಿ ನೆಲದ ಹತ್ತಿರಕ್ಕೆ ಬರುವ ಭಂಗಿ ಚತುರಂಗ ದಂಡಾಸನ; ಅದಕ್ಕೆ ಇಳಿಯುವವರ ಮೊಣಕೈಯನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಹೊಸಬರ ಮೊಣಕೈ ಅರ್ಧ ದಾರಿಯಲ್ಲಿ ಹೊರಗೆ ತೆರೆದುಕೊಳ್ಳುತ್ತದೆ, ಭುಜ ಮೊಣಕೈಗಿಂತ ಕೆಳಗೆ ಕುಸಿಯುತ್ತದೆ, ಸೊಂಟ ಜೋತುಬೀಳುತ್ತದೆ. ಆಗ ತೋಳಿನ ಹಿಂಭಾಗ, ಎದೆ, ಹೊಟ್ಟೆ ಹಂಚಿಕೊಳ್ಳಬೇಕಾದ ಭಾರವೆಲ್ಲ ಭುಜದ ಮುಂಭಾಗಕ್ಕೆ ಬೀಳುತ್ತದೆ. ಸರಿಮಾಡುವುದು ಹೀಗೆ: ಮೊದಲು ಎರಡೂ ಮಂಡಿ ಊರಿ. ಹೊಟ್ಟೆ ಒಳಗೆಳೆದುಕೊಂಡು, ಮೊಣಕೈಯನ್ನು ಪಕ್ಕೆಗೆ ಸವರಿದಂತೆ ಹಿಂದಕ್ಕೆ ಮಡಚುತ್ತಾ ಒಂದು ಉಸಿರು ಬಿಡುವಷ್ಟು ಹೊತ್ತಿನಲ್ಲಿ ಇಳಿಯಿರಿ. ಭುಜ ಮೊಣಕೈಯ ಮಟ್ಟಕ್ಕೆ ಬಂತೋ, ಅಲ್ಲಿಗೆ ನಿಲ್ಲಿಸಿ. ಭುಜ ಕುಸಿಯದಂತೆ ತಡೆಯಲು ಎದೆಯ ಕೆಳಗೆ ದಿಂಬು ಇಟ್ಟುಕೊಳ್ಳಬಹುದು. ಹೀಗೆ ಐದಾರು ಸಲ ಅಲುಗಾಡದೆ ಆಗತೊಡಗಿದ ಮೇಲೆ ಮೊದಲ ಎರಡು ನಮಸ್ಕಾರಕ್ಕೆ ಮಾತ್ರ ಮಂಡಿ ಎತ್ತಿ, ಆಮೇಲೆ ಮೂರಕ್ಕೆ, ನಾಲ್ಕಕ್ಕೆ. ಎದೆಗಿಂತ ಮೊದಲು ಹೊಟ್ಟೆ ನೆಲಕ್ಕೆ ತಾಗಿತು ಅಂದರೆ ತೋಳು ಸೋತಿದೆ ಅಂತ ತಿಳಿದು, ಅವತ್ತು ಉಳಿದವನ್ನೆಲ್ಲ ಮಂಡಿ ಊರಿಯೇ ಮುಗಿಸಿ.