ಎಣ್ಣೆ ಡಬ್ಬದ ಮೇಲೆ ತಾರೀಖು ಬರೆದೆ

2023ರ ಜೂನ್‌ನಲ್ಲಿ, ಶಾಲೆ ಶುರುವಾದ ವಾರವೇ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. "5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಅರ್ಥ ಮೇಡಂ. ಮಾತ್ರೆ ಈಗಲೇ ಬೇಡ, ತೂಕ ಇಳಿಸಿ ನೋಡೋಣ" ಅಂದರು ಡಾಕ್ಟರ್. ಥೈರಾಯ್ಡ್ ಕೂಡ ನೋಡಿದರು, ಅದು ಸರಿಯಿತ್ತು.

ಆಗ ನನಗೆ 46 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 74 ಕೆಜಿ, ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರ್. ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದೆ. 30.4 ಬಂತು. ಇದಕ್ಕೇ ಬಿಎಂಐ ಅನ್ನುವುದು. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ನಮ್ಮವರಿಗೆ ಕೊಬ್ಬು ಹೊಟ್ಟೆಯ ಸುತ್ತಲೇ ಕೂರುವುದು ಜಾಸ್ತಿ, ಸಕ್ಕರೆ ಕಾಯಿಲೆಯೂ ಕಡಿಮೆ ತೂಕಕ್ಕೇ ಬರುತ್ತದೆ. ಅದಕ್ಕೇ ನಮ್ಮ ಗೆರೆ ಸ್ವಲ್ಪ ಕೆಳಗಿದೆ.

ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಹೆಬ್ಬೆರಳಿನ ಗಾಯ ಎಂಟು ತಿಂಗಳು ಮಾಯಲಿಲ್ಲ. ದಿನಾ ಆ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನೇ. ರಿಪೋರ್ಟ್ ಕೈಗೆ ಬಂದಾಗ ನನಗೆ ನೆನಪಾಗಿದ್ದು ಆ ಕಾಲು.

ಅದಕ್ಕೂ ಮುಂಚೆ ಒಂದು ಸಲ ತೂಕ ಇಳಿಸಿದ್ದೆ. 2021ರಲ್ಲಿ ಪರಿಚಯದವರೊಬ್ಬರು ಒಂದು ಡಬ್ಬದ ಪುಡಿ ಕೊಟ್ಟಿದ್ದರು. ಬೆಳಗ್ಗೆ, ರಾತ್ರಿ ಊಟದ ಬದಲು ಅದನ್ನು ನೀರಿಗೆ ಕಲಸಿ ಕುಡಿಯಬೇಕು. ಮಧ್ಯಾಹ್ನ ಒಂದೇ ಚಪಾತಿ. ಮೂರು ವಾರಕ್ಕೆ 5 ಕೆಜಿ ಇಳಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವವರೇ. ಮೊದಲ ವಾರ ಹಾಗೆ ಸರ್ರನೆ ಇಳಿಯುವುದು ಬಹುಪಾಲು ನೀರು ಅಂತ ಆಮೇಲೆ ಗೊತ್ತಾಯಿತು. ನಮ್ಮ ಲಿವರ್ ಮತ್ತು ಮಾಂಸಖಂಡ ಸ್ವಲ್ಪ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತವೆ, ಅದರ ಜೊತೆಗೆ ಸುಮಾರು ಮೂರು ಪಟ್ಟು ನೀರೂ ಇರುತ್ತದೆ. ಊಟ ಬಿಟ್ಟ ಕೂಡಲೇ ಮೊದಲು ಖರ್ಚಾಗುವುದು ಅದು. ಹಾಗೇ ಮುಂದುವರಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಎರಡೂವರೆ ತಿಂಗಳಾದ ಮೇಲೆ ತಲೆ ಬಾಚಿದರೆ ಕೂದಲು ಕೈತುಂಬ ಬರತೊಡಗಿತು. ಹೊಟ್ಟೆಗೆ ಸರಿಯಾಗಿ ಕೊಡದೆ ದೇಹಕ್ಕೆ ಪೆಟ್ಟು ಬಿದ್ದಿದೆ, ಅದಕ್ಕೇ ಉದುರುತ್ತಿದೆ ಅಂದರು ಚರ್ಮದ ಡಾಕ್ಟರ್. ಕೂದಲು ನಿಧಾನಕ್ಕೆ ಮತ್ತೆ ಬಂತು. ತೂಕವೂ ಬಂತು, 2 ಕೆಜಿ ಜಾಸ್ತಿಯಾಗೇ. ತುಂಬಾ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದೂ ಆಗ ನನಗೆ ತಿಳಿದಿರಲಿಲ್ಲ.

ಹಾಗಾಗಿ ಈ ಸಲ ಯಾರು ಏನು ಹೇಳಿದರೂ ಒಂದೇ ಪ್ರಶ್ನೆ ಕೇಳಿಕೊಂಡೆ. ನನಗೆ ಅರವತ್ತು ವರ್ಷ ಆದಾಗಲೂ ನಾನು ಹೀಗೇ ತಿನ್ನುತ್ತೇನಾ? ಇಲ್ಲ ಅಂತಾದರೆ ಅದನ್ನು ಶುರು ಮಾಡುವುದೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು, ದಿನಕ್ಕೆ 1000 ಕ್ಯಾಲೊರಿಗಿಂತ ಕಡಿಮೆ ಊಟ ಮಾಡಲೇಬಾರದು ಅನ್ನುತ್ತಾರೆ. ನಾನು ಅದಕ್ಕಿಂತಲೂ ನಿಧಾನ, ತಿಂಗಳಿಗೆ ಒಂದು ಕೆಜಿ ಅಂತ ಇಟ್ಟುಕೊಂಡೆ.

ಮೊದಲ ಎರಡು ವಾರ ಏನೂ ಬದಲಾಯಿಸಲಿಲ್ಲ. ಬಾಯಿಗೆ ಹೋಗಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದೆ ಅಷ್ಟೇ. ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಕಡಲೆಬೀಜ ಕೂಡ. ಊಟದ ತಟ್ಟೆಯನ್ನು ಎಷ್ಟು ಸಲ ನೋಡಿದರೂ ತಪ್ಪು ಕಾಣಲಿಲ್ಲ. ಅನ್ನ, ಸಾರು, ಪಲ್ಯ, ಮಜ್ಜಿಗೆ. ಆಮೇಲೆ ಅನ್ನಿಸಿತು, ಬರೆಯಬೇಕಾಗಿದ್ದು ತಟ್ಟೆಗೆ ಬಂದದ್ದನ್ನಷ್ಟೇ ಅಲ್ಲ, ಅಂಗಡಿಯಿಂದ ಮನೆಗೆ ಬಂದದ್ದನ್ನೂ.

ಹೊಸ 5 ಲೀಟರ್ ಎಣ್ಣೆ ಡಬ್ಬ ಒಡೆದ ದಿನ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ತಾರೀಖು ಬರೆದೆ. ಡಬ್ಬ 28 ದಿನಕ್ಕೆ ಖಾಲಿ. ನಾವು ಮನೆಯಲ್ಲಿ ನಾಲ್ಕು ಜನ. ಭಾಗಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 45 ಮಿಲಿಲೀಟರ್, ಅಂದರೆ 41 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ದಿನಕ್ಕೆ ಹತ್ತಿರ ಹತ್ತಿರ 370 ಕ್ಯಾಲೊರಿ ಬರೀ ಎಣ್ಣೆಯಿಂದ! ತುಪ್ಪ, ತೆಂಗಿನಕಾಯಿ ಈ ಲೆಕ್ಕಕ್ಕೆ ಬಂದಿಲ್ಲ. ಆ ಭಾಗಾಕಾರ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಮ್ಮನೆಯಲ್ಲಿ ಒಗ್ಗರಣೆ ಅತ್ತೆಯದು. ಅವರಿಗೆ ಲೆಕ್ಕ ತೋರಿಸಿದೆ.

"ಎಣ್ಣೆ ಕಡಿಮೆಯಾದ್ರೆ ರುಚಿ ಎಲ್ಲಿಂದ ಬರುತ್ತಮ್ಮ?" ಅಂದರು.

"ಒಂದೇ ಸಲ ಬೇಡ ಅತ್ತೆ. ಈ ತಿಂಗಳು ಡಬ್ಬ ಐದು ದಿನ ಜಾಸ್ತಿ ಬಂದ್ರೆ ಸಾಕು. ರುಚಿ ಕೆಟ್ಟರೆ ಬಿಟ್ಟುಬಿಡೋಣ."

ಡಬ್ಬದಿಂದ ನೇರ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿದೆವು. ಬೆಳಗ್ಗೆ ಒಂದು ಸಣ್ಣ ಗಿಂಡಿಗೆ ಆ ದಿನದ ಎಣ್ಣೆ ಅಳೆದು ಇಡುವುದು, ಅದರಿಂದ ಚಮಚದಲ್ಲಿ ತೆಗೆಯುವುದು. ವಾಂಗಿಬಾತ್‌ಗೆ ಬದನೆಕಾಯಿಯನ್ನು ಎಣ್ಣೆಯಲ್ಲೇ ಬಾಡಿಸುವ ಬದಲು ಮೊದಲು ಆವಿಯಲ್ಲಿ ಅರ್ಧ ಬೇಯಿಸಿಕೊಂಡರು ಅತ್ತೆ. ಇದು ಅವರದೇ ಉಪಾಯ. ಪುಡಿ ಒಳ್ಳೆಯದಾಗಿದ್ದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ದೋಸೆಗೆ ಹಳೇ ಕಬ್ಬಿಣದ ಕಾವಲಿ ಹೊರಗೆ ಬಂತು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ಮೂರು ದೋಸೆ ಏಳುತ್ತವೆ. ಪೂರಿ, ಬಜ್ಜಿ ಬಿಡಲಿಲ್ಲ. ವಾರಕ್ಕೆರಡು ಸಲ ಆಗುತ್ತಿದ್ದದ್ದು ಹದಿನೈದು ದಿನಕ್ಕೊಂದು ಸಲ ಆಯಿತು. ನಾಲ್ಕು ತಿಂಗಳಲ್ಲಿ ಡಬ್ಬ 50 ದಿನ ಬರತೊಡಗಿತು. ಅಂದರೆ ಒಬ್ಬರಿಗೆ 23 ಗ್ರಾಂ. ದಿನಕ್ಕೆ 160 ಕ್ಯಾಲೊರಿ ಉಳಿತಾಯ, ನನಗಷ್ಟೇ ಅಲ್ಲ, ನಾಲ್ಕೂ ಜನಕ್ಕೆ. ನನ್ನ ಇಡೀ ಪ್ರಯತ್ನದಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೇರೇನೂ ಇಲ್ಲ.

ಕಾಫಿಯ ಲೆಕ್ಕ ಸಣ್ಣದು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, 40 ಗ್ರಾಂ ಸಕ್ಕರೆ. ಹದಿನೈದು ದಿನಕ್ಕೊಮ್ಮೆ ಕಾಲು ಚಮಚ ಕಡಿಮೆ ಮಾಡುತ್ತಾ ಬಂದೆ. ಈಗ ಅರ್ಧ ಚಮಚ. ಹೆಚ್ಚು ಹಾಕಿದರೆ ನನಗೇ ಕುಡಿಯೋಕಾಗುವುದಿಲ್ಲ.

ನೋಟ್‌ಬುಕ್ ತೋರಿಸಿದ ಇನ್ನೊಂದು ವಿಷಯ, ರಾತ್ರಿ ಎಲ್ಲರ ಊಟ ಆದ ಮೇಲೆ ಪಾತ್ರೆಯಲ್ಲಿ ಮಿಕ್ಕ ಎರಡು ಹಿಡಿ ಅನ್ನ. ಚೆಲ್ಲೋಕೆ ಮನಸ್ಸು ಬರುವುದಿಲ್ಲ, ಫ್ರಿಜ್‌ನಲ್ಲಿ ಇಡುವಷ್ಟೂ ಇರುವುದಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಇದನ್ನು ಊಟ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಅದಕ್ಕೆ ಪರಿಹಾರ ಅಕ್ಕಿ ಅಳೆಯುವಾಗಲೇ ಇತ್ತು. ರಾತ್ರಿಗೆ ಎರಡು ಪಾವು ಇಡುತ್ತಿದ್ದದ್ದು ಒಂದೂವರೆ ಪಾವಾಯಿತು. ಹಸಿವಾದವರಿಗೆ ಪಲ್ಯ ಜಾಸ್ತಿ ಇತ್ತು. ಮಿಕ್ಕುವುದು ನಿಂತಿತು.

"ರಾಗಿ ಮುದ್ದೆ ತಿನ್ನಿ, ಸಣ್ಣ ಆಗ್ತೀರ" ಅಂತ ಎಲ್ಲರೂ ಹೇಳುತ್ತಾರೆ. ನಾನು ಮುದ್ದೆ ಊಟದಲ್ಲೇ ಬೆಳೆದವಳು. ಆದರೂ ಇದನ್ನು ಹೇಳಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಯಲ್ಲಿ 356. ತೂಕದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ರಾಗಿಯ ಹಿರಿಮೆ ಬೇರೆ. ಅದರಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ 360 ಮಿಲಿಗ್ರಾಂಗೂ ಹೆಚ್ಚು, ಬೇಗ ಹಸಿವಾಗುವುದಿಲ್ಲ. ಆದರೆ ನಮ್ಮಲ್ಲಿ ಮುದ್ದೆ ಉಂಡ ಮೇಲೆ ಅನ್ನವೂ ಬೇಕು. ಅಲ್ಲೇ ಲೆಕ್ಕ ತಪ್ಪುವುದು. ಮುದ್ದೆ ಇದ್ದ ದಿನ ನಾನು ಅನ್ನ ಬಡಿಸಿಕೊಳ್ಳುವುದಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದು ಏಳುತ್ತೇನೆ.

ಕಾಳಿನ ವಿಷಯದಲ್ಲಿ ಮಾತ್ರ ತಿನ್ನುವುದನ್ನು ಜಾಸ್ತಿ ಮಾಡಿದೆ. ತೂಕ ಇಳಿಯುವಾಗ ಮಾಂಸಖಂಡ ಕರಗಬಾರದು ಅಂದರೆ ಪ್ರೋಟೀನ್ ಬೇಕೇ ಬೇಕು. ಒಂದು ಕೆಜಿ ದೇಹದ ತೂಕಕ್ಕೆ ದಿನಕ್ಕೆ 0.83 ಗ್ರಾಂ ಅಂತ ನಮ್ಮ ದೇಶದ ಶಿಫಾರಸು. ನನ್ನ ಲೆಕ್ಕದಲ್ಲಿ 60 ಗ್ರಾಂ. ನಾನು ತಿನ್ನುತ್ತಿದ್ದದ್ದು 40 ದಾಟುತ್ತಿರಲಿಲ್ಲ. ಸಾರು ಕುಡಿದರೆ ಬೇಳೆ ತಿಂದಂತೆ ಅಂದುಕೊಂಡಿದ್ದೆ, ಆದರೆ ನಮ್ಮ ತಿಳಿ ಸಾರಿನಲ್ಲಿ ಬೇಳೆ ಎಷ್ಟಿರುತ್ತೆ? ಈಗ ಬೆಳಗ್ಗೆ ತಿಂಡಿ ಜೊತೆ ಒಂದು ಬಟ್ಟಲು ಹೆಸರುಕಾಳು ಅಥವಾ ಕಡಲೆಕಾಳಿನ ಉಸ್ಲಿ. ವಾರಕ್ಕೆರಡು ದಿನ ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ ನನ್ನ ತಟ್ಟೆಗೆ ಜಾಸ್ತಿ. ಸಂಜೆ ಶಾಲೆಯಿಂದ ಬಂದ ಕೂಡಲೇ ಎರಡು ಬೇಯಿಸಿದ ಮೊಟ್ಟೆ. ಮುಂಚೆ ಆ ಹೊತ್ತಿಗೆ ಕೋಡುಬಳೆ ಡಬ್ಬ ತೆಗೆಯುತ್ತಿದ್ದೆ. ಹೊಟ್ಟೆ ತುಂಬಿದ್ದರೆ ಕೈ ಅತ್ತ ಹೋಗುವುದೇ ಇಲ್ಲ.

ನಡಿಗೆಯಲ್ಲಿ ಒಂದು ತಪ್ಪು ಮಾಡಿದೆ. ಹುಮ್ಮಸ್ಸಿನಲ್ಲಿ ಮೊದಲ ಭಾನುವಾರವೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಡೆದೇ ಇಳಿದೆ. ಮಾರನೇ ದಿನ ಮಂಡಿ ಊದಿಕೊಂಡಿತ್ತು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಯ ಮೇಲೆ ಭಾರ ಜಾಸ್ತಿ ಬೀಳುತ್ತದೆ. 74 ಕೆಜಿ ಇಟ್ಟುಕೊಂಡು ಅದನ್ನು ಮಾಡಬಾರದಿತ್ತು. ಮೂರು ವಾರ ಸುಮ್ಮನಿರಬೇಕಾಯಿತು. ಆಮೇಲೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ 20 ನಿಮಿಷದಿಂದ ಶುರು ಮಾಡಿದೆ. ಮಣ್ಣಿನ ದಾರಿ, ಮರದ ನೆರಳು, ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಾ ನಡೆದರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಈಗ ವಾರಕ್ಕೆ ಐದು ದಿನ, 45 ನಿಮಿಷ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ. ನಡಿಗೆಯಿಂದಲೇ ತೂಕ ಇಳಿಯುತ್ತದೆ ಅಂತ ನಂಬಿ ಕೂರಬೇಡಿ. ಅಷ್ಟು ನಡೆದರೂ 200 ಕ್ಯಾಲೊರಿ ಖರ್ಚಾಗುವುದೇ ಕಷ್ಟ, ವಾಪಸ್ ಬರುವಾಗ ಒಂದು ಮಸಾಲೆ ದೋಸೆ ತಿಂದರೆ ಅದು ಅಲ್ಲಿಗೇ ಸರಿಹೋಯಿತು. ನನಗೆ ನಡಿಗೆ ಕೊಟ್ಟಿದ್ದು ನಿದ್ದೆ. ಹನ್ನೆರಡರವರೆಗೆ ಎದ್ದಿರುತ್ತಿದ್ದವಳು ಹತ್ತೂವರೆಗೆ ಮಲಗತೊಡಗಿದೆ. ರಾತ್ರಿ ಪೇಪರ್ ತಿದ್ದುತ್ತಾ ತಿನ್ನುವುದು ತಾನಾಗೇ ನಿಂತಿತು.

ವಾರಕ್ಕೆ ಎರಡು ದಿನ ಮನೆಯಲ್ಲೇ ಶಕ್ತಿಯ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ನೀರಿನ ಬಾಟಲ್ ಎತ್ತುವುದು. 20 ನಿಮಿಷ ಸಾಕು.

ತೂಕ ಪ್ರತಿದಿನ ನೋಡುತ್ತಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಏಳು ದಿನದ ಸರಾಸರಿಯನ್ನು. ಉಪ್ಪಿನಕಾಯಿ ಜಾಸ್ತಿ ತಿಂದರೆ, ತಿಂಗಳ ಮುಟ್ಟು ಹತ್ತಿರ ಬಂದರೆ ಒಂದು ಕೆಜಿ ಹೆಚ್ಚು ತೋರಿಸುತ್ತದೆ, ಅದು ನೀರು. ಗೌರಿ ಹಬ್ಬದಿಂದ ದೀಪಾವಳಿವರೆಗೆ ತೂಕ ಒಂಚೂರೂ ಇಳಿಯಲಿಲ್ಲ. ಒಬ್ಬಟ್ಟು ತಿಂದೆ, ದಸರಾಗೆ ನೆಂಟರು ಬಂದಿದ್ದರು. ಬೇಜಾರಾಗಿತ್ತು, ನಿಜ. ಆದರೆ ಟೇಪ್ ಹಿಡಿದು ನೋಡಿದರೆ ಸುತ್ತಳತೆ 2 ಸೆಂಟಿಮೀಟರ್ ಕಡಿಮೆಯಾಗಿತ್ತು.

ನನ್ನನ್ನು ನೋಡಿ ಸಹೋದ್ಯೋಗಿಯೊಬ್ಬರು ರಾತ್ರಿ ಊಟ ಅರ್ಧ ಮಾಡಿಕೊಂಡರು. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಮೂರನೇ ದಿನ ಬೆವರಿ, ಕೈ ನಡುಗಿ, ತಲೆ ಸುತ್ತಿ ಕೂತುಬಿಟ್ಟರು. ಸಕ್ಕರೆ ತೀರಾ ಇಳಿದಿತ್ತು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ದಯವಿಟ್ಟು ಡಾಕ್ಟರನ್ನು ಕೇಳಿ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಈಗ ತುಂಬಾ ಜನ ನನ್ನನ್ನು ಕೇಳುತ್ತಾರೆ. ಅದು ಡಾಕ್ಟರ್ ನೋಡಿ ಬರೆದುಕೊಡಬೇಕಾದ ಔಷಧ, ನನ್ನಂಥವರ ಮಾತು ಕೇಳಿ ತೆಗೆದುಕೊಳ್ಳುವಂಥದ್ದಲ್ಲ.

14 ತಿಂಗಳಿಗೆ 62.5 ಕೆಜಿಗೆ ಬಂದೆ. ಸುತ್ತಳತೆ 86. ಎಚ್‌ಬಿಎ1ಸಿ 5.6. ಲೆಕ್ಕದ ಪ್ರಕಾರ ಇನ್ನೂ ಸ್ವಲ್ಪ ಇಳಿಯಬೇಕು, ಬಿಎಂಐ 25ರ ಗೆರೆಗೆ 2 ಕೆಜಿ ಬಾಕಿ ಇದೆ. ಅವಸರ ಇಲ್ಲ. ತೂಕ ಇಳಿದ ದೇಹಕ್ಕೆ ಖರ್ಚೂ ಕಡಿಮೆ, ಹಾಗಾಗಿ ಮೊದಲಿನ ವೇಗ ಈಗ ಬರುವುದಿಲ್ಲ. ಡಬ್ಬದ ಮೇಲೆ ತಾರೀಖು ಬರೆಯುವ ಕೆಲಸ ಈಗ ಅತ್ತೆಯದು.

ಕಳೆದ ತಿಂಗಳು ಒಂದು ಭಾನುವಾರ ಮತ್ತೆ ಚಾಮುಂಡಿ ಬೆಟ್ಟಕ್ಕೆ ಹೋದೆ. ನಂದಿಯ ಹತ್ತಿರ ಹತ್ತು ನಿಮಿಷ ಕೂತು, ಉಳಿದ ಮುನ್ನೂರು ಮೆಟ್ಟಿಲನ್ನೂ ಹತ್ತಿದೆ. ದರ್ಶನ ಮುಗಿಸಿ ಕೆಳಗೆ ಬಂದಿದ್ದು ಸಿಟಿ ಬಸ್ಸಿನಲ್ಲಿ. ಸಂಜೆ ಮಂಡಿ ಮುಟ್ಟಿ ನೋಡಿಕೊಂಡೆ. ಊದಿರಲಿಲ್ಲ.